ಹನ್ನೊಂದು ನೀರು ಕಂಡ ಮರಳು: ಬದುಕುಳಿದ ಮೀನಿಗೊಂದು ದೂರು

ಹಿಂಜವಾಡಿ, ಪುಣೆ
ಜೂನ್ 2006

ಮಾನ್ಯ ಐನಾರೇ,

ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಸುಖವಾಗಿರುವ, ಕೇಸರಿ ಮೈಗೆ ಮೂರು ಬಿಳಿ ಪಟ್ಟೆಗಳಿಂದ ಶೋಭಿಸುವ ಕ್ಲೌನ್ ಮೀನಾದ ತಮ್ಮ ಪಾದಗಳಿಗೆ, ಅವು ಇಲ್ಲದಿರುವುದರಿಂದ ರೆಕ್ಕೆಗಳಿಗೆ, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯ ಗುಮಾಸ್ತ ಹೊಳಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಪದ್ಧತಿಯುಂಟು. ಆದರೆ ತಮ್ಮ ಕ್ಷೇಮವೇ ನನ್ನ ದೂರಾದ್ದರಿಂದ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ.

ತಾವು ಸಾಯಬೇಕಿತ್ತೆಂದು ನಾನು ಹೇಳುತ್ತಿಲ್ಲ, ಶಿವ ಶಿವಾ! ತಮಗೇನಾದರೂ ಆದರೆ ಅನ್ನ ಬಿಡುವವನು ನಾನು. ಏಳು ವರ್ಷದ ಕೆಳಗೆ ತಮ್ಮನ್ನು ತಂದಾಗ, ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ನಮ್ಮ ಮನೆಯಲ್ಲಿ ಮೀನೆಂಬ ಮಾತಿಗೇ ಕಿಡಿಕಿಡಿಯಾಗಿದ್ದ ನನ್ನ ಅವ್ವ ಪಾರವ್ವ, ತಮ್ಮ ಪಟ್ಟೆಗಳನ್ನು ವಿಭೂತಿಯೆಂದು ತೀರ್ಮಾನಿಸಿ, ಮಠದ ಜಂಗಮರನ್ನು ಕರೆಯುವಂತೆ 'ಐನಾರು' ಎಂದು ಹೆಸರಿಟ್ಟು ಒಳಗೆ ಬಿಟ್ಟುಕೊಂಡಳು. ಅಲ್ಲಿಗೆ ಅವಳ ಪಾತ್ರ ಮುಗಿಯಬೇಕಿತ್ತು. ಅಂದಿನಿಂದ ತಮ್ಮ ಚಾಕರಿ ಮಾಡಿದವನು ನಾನು.

ಇರಲಿ. ಹೆಂಡತಿ ರೇಣುವಿನ ಆಫೀಸು ಇಲ್ಲೇ ಇರುವ ಕಾರಣ ಗುಲ್ಟೇಕಡಿಯ ಮನೆ ಬಿಟ್ಟು ಹಿಂಜವಾಡಿಯ ಫ್ಲ್ಯಾಟಿಗೆ ಬರುವುದೆಂದು ಹೋದ ತಿಂಗಳು ನಿಶ್ಚಯವಾದಾಗ, ನನ್ನ ಎದೆ ಹೊಡೆದುಕೊಂಡದ್ದು ಒಡವೆಗಳಿದ್ದ ಟ್ರೆಝರಿ ಕಪಾಟಿಗಲ್ಲ, ತಮ್ಮ ತೊಟ್ಟಿಯ ತಳದ ಮರಳಿಗೆ. ಏಳು ವರ್ಷ ಅಲುಗದ ಆ ಮರಳಿನಲ್ಲಿ, ನೀರಿನ ವಿಷ ತಿಂದು ತಮ್ಮನ್ನು ಕಾಪಾಡುವ ಕೋಟಿ ಸೂಕ್ಷ್ಮಜೀವಿಗಳಿವೆ, ತೊಳೆದರೆ ಮೀನು ಸತ್ತಂತೆಯೇ ಎಂದು ಮನೆಯವರಿಗೆ ಮೂರು ಸಲ ಉಪನ್ಯಾಸ ಕೊಟ್ಟೆ. ಮರಳನ್ನು ಮೂರು ಬಕೆಟ್ಟಿಗೆ ತುಂಬಿ, ಹಳೆಯ ನೀರಿನಲ್ಲಿ ತಮ್ಮನ್ನೂ ತಮ್ಮ ಕಲ್ಲುಗಳನ್ನೂ ಇಟ್ಟುಕೊಂಡು, ಒಂದು ಬಕೆಟ್ ಮರಳಿನೊಡನೆ ಮೊದಲ ಟೆಂಪೋ ಹತ್ತಿದೆ.

ಉಳಿದೆರಡಕ್ಕೆ ಹಿಂತಿರುಗಿ ಬಂದು ನೋಡಿದರೆ, ಅಯ್ಯೋ ಐನಾರೇ, ಏನು ಹೇಳಲಿ! ಕೆದಕಿದ ಕಪ್ಪು ಮರಳಿನಿಂದ ಕೊಳೆತ ಮೊಟ್ಟೆಯ ನಾತ ಎದ್ದಿತ್ತಂತೆ. ನಮ್ಮ ಮನೆಯಲ್ಲಿ ಮೊಟ್ಟೆಯ ನಾತ! ಹಳೆಯ ಕಸಬರಿಗೆಯನ್ನೂ ಹೊಸ ಮನೆಗೆ ಒಯ್ಯಬಾರದೆನ್ನುವ ಅವ್ವ, ಎರಡೂ ಬಕೆಟ್ ಮರಳನ್ನು ನಲ್ಲಿಯ ಕೆಳಗೆ ಹನ್ನೊಂದು ನೀರಿನಲ್ಲಿ ಅಕ್ಕಿಯಂತೆ ತೊಳೆದು, ಜೋಳ ಹಸನು ಮಾಡುವ ಶ್ರದ್ಧೆಯಿಂದ ಹುಳಗಳನ್ನು ಆರಿಸಿ ತೆಗೆದು, ಮಾಳಿಗೆಯ ಮೇಲೆ ಹಳೆಯ ಇಳಕಲ್ ಸೀರೆ ಹಾಸಿ ಒಣಹಾಕಿದ್ದಳು. 'ಆ ಹೊಲಸು ಹೊತಗೊಂಡು ಹೋಗಿ ಹೊಸಾ ಮನ್ಯಾಗ ಹಾಲು ಉಕ್ಕಸಾಂವ ಇದ್ದಿಯೇನೋ' ಎಂದು ನನ್ನನ್ನೇ ಗದರಿದಳು. ಐನಾರನ್ನು ನೀನೇ ಕೊಂದೆ ಎಂದುಬಿಟ್ಟೆ ನಾನು. ಆಡಬಾರದಿತ್ತು.

ನಾನು ಮೊದಲೇ ತಂದಿದ್ದ ಬಕೆಟ್ಟನ್ನು ತೆರೆಯಲು ಅವ್ವ ಬಿಡದ್ದರಿಂದ, ಬೇರೆ ಗತಿಯಿಲ್ಲದೆ ಆ ಬೆಳ್ಳನೆಯ ನಿರ್ಜೀವ ಮರಳನ್ನೇ ಹಾಸಿ, ಕಲ್ಲುಗಳನ್ನಿಟ್ಟು, ತಮ್ಮನ್ನು ಬಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಶೋಕಕ್ಕೆ ಸಿದ್ಧನಾಗಿ ಕುಳಿತೆ. ತಾವೇನು ಮಾಡಿದಿರಿ? ಈಜಿದಿರಿ! ಎರಡು ದಿನ ಮದುವೆ ಮನೆಯವರಂತೆ ಓಡಾಡಿದಿರಿ, ಹಾಕಿದ್ದೆಲ್ಲ ತಿಂದಿರಿ. ನೀರಿನ ವಿಷ ಅಳೆಯುವ ನನ್ನ ಔಷಧದ ಹನಿಗಳು ಕೂಡ ಬಣ್ಣ ಬದಲಿಸದೆ ಅವ್ವನ ಪಕ್ಷ ಸೇರಿದವು. ಓದಿದವನ ಮರ್ಯಾದೆಯ ಪ್ರಶ್ನೆಯಾದ್ದರಿಂದ, ಮೂರನೆಯ ದಿನ, ನನ್ನ ಬಳಿ ಭದ್ರವಾಗಿದ್ದ ತೊಳೆಯದ ಮೂರನೆಯ ಬಕೆಟ್ ಮರಳನ್ನು ಅಮೃತವೆಂದೇ ಬಗೆದು ತಮ್ಮ ಮೇಲೆ ಸುರಿದೆ.

ನೀರು ಮಸಿಯಾಯಿತು, ಅದೇ ಕೊಳೆತ ಮೊಟ್ಟೆಯ ನಾತ ಎದ್ದಿತು. ಅರ್ಧ ಗಂಟೆಯಲ್ಲಿ ತಾವು ಮಗ್ಗುಲಾಗಿ ಮಲಗಿ ಏದುಸಿರು ಬಿಟ್ಟಿರಿ. ನಲವತ್ತೆರಡು ವರ್ಷದ ಗಂಡಸು ಗಳಗಳನೆ ಅತ್ತೆ. ಜನ್ಮದಲ್ಲಿ ಮೀನು ಮುಟ್ಟದ ಅವ್ವ ತಮ್ಮನ್ನು ಬೊಗಸೆಯಲ್ಲೆತ್ತಿ, ಮಿಕ್ಕಿದ್ದ ಹಳೆಯ ನೀರಿನ ಬಕೆಟ್ಟಿಗೆ ಬಿಟ್ಟು, ಸೆರಗು ಸಿಕ್ಕಿಸಿ ನನ್ನ ಅಮೃತವನ್ನೂ ತೋಡಿ ತೆಗೆದು ತೊಳೆಯಲು ಕುಳಿತಳು. 'ಅತ್ತಿದ್ದು ಸಾಕು, ಉಪ್ಪುನೀರು ಕಲಸು ಬಾ' ಎಂದಳು. ಸಂಜೆಗೆ ತಾವು ಮತ್ತೆ ಈಜಿದಿರಿ.

ಆದ್ದರಿಂದ ಸವಿನಯ ಪ್ರಾರ್ಥನೆ. ಬರುವ ಭಾನುವಾರ ಅವ್ವನ ಗೆಳತಿಯರು ಹನ್ನೊಂದು ನೀರಿನ ಪವಾಡ ನೋಡಲು ಬರಲಿದ್ದು, ಆಗ ತಾವು ಒಂದರ್ಧ ಗಂಟೆ ಕೊಂಚ ಮಂಕಾಗಿರಬೇಕು. ನಾನು ಗಂಭೀರವಾಗಿ ಕೆಮ್ಮಿದ ತಕ್ಷಣ ಚೇತರಿಸಿಕೊಳ್ಳಬೇಕು. ತಮ್ಮನ್ನು ಉಳಿಸಿದ ಸೂಕ್ಷ್ಮಜೀವಿಗಳು ಕಲ್ಲುಗಳಲ್ಲಿಯೂ ಇದ್ದವೆಂದು, ಆ ಕಲ್ಲುಗಳನ್ನು ಒಣಗಲು ಬಿಡದೆ ತಂದವನು ಹೊಳಬಸಪ್ಪನೆಂದು ಒಂದು ಲಿಖಿತ ಹೇಳಿಕೆಯನ್ನೂ ದಯಪಾಲಿಸಬೇಕು. ಇದಾವುದೂ ಆಗದಿದ್ದರೆ ಸುಮ್ಮನೆ ಬದುಕಿರಿ, ನನಗೆ ಅಷ್ಟೇ ಸಾಕು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಹೊಳಬಸಪ್ಪ

ತಾ.ಕ.: ಈ ಪತ್ರವನ್ನು ಗಾಜಿನೆದುರು ನಿಂತು ಓದಿ ಹೇಳಿದಾಗ ತಾವು ಧಾವಿಸಿ ಬಂದು, ಬಾಲ ಬಡಿದು, ಬಾಯಿ ತೆರೆದಿರಿ. ನನ್ನನ್ನು ಕ್ಷಮಿಸಿದಿರೆಂದು ಕೈಮುಗಿದೆ. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ಅವ್ವ, ತಮ್ಮ ಊಟದ ಡಬ್ಬಿ ಹಿಡಿದು ನಿಂತಿದ್ದಳು.