‘ಇಲ್ಲ’ ಎನ್ನದ ಏಳು ದಿನ

"ಇವತ್ತಿನಿಂದ ಈ ಬಾಯಲ್ಲಿ 'ಇಲ್ಲ' ಅನ್ನೋ ಪದ ಬರೋದೇ ಇಲ್ಲ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಆಗಲೇ ಎರಡು ಬಂತು," ಎಂದರು.

ಶಪಥದ ಹಿನ್ನೆಲೆ ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ನಾನು ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂತವಳು. "ಪಾರ್ಸೆಲ್ ಬಂದಿಲ್ಲ", "ಗೊತ್ತಿಲ್ಲ", "ಸಾಹೇಬ್ರು ಸೀಟಲ್ಲಿಲ್ಲ" ಎಂಬ ಮೂರೇ ಮಂತ್ರದಲ್ಲಿ ನೌಕರಿ ಸಾಗಿಸಿದ್ದೆ. ಕೊನೆಗೆ ಆಫೀಸೇ ಇಲ್ಲವಾಯಿತು! ನಲವತ್ತೊಂದನೇ ವಯಸ್ಸಿನಲ್ಲಿ ಹೋಟೆಲ್ ಮತ್ತು ಪ್ರವಾಸೋದ್ಯಮ ನಿರ್ವಹಣೆಯ ಡಿಪ್ಲೊಮಾಗೆ ಸೇರಿದೆ. ಪಾಸಾದರೆ ರಿಸೆಪ್ಷನಿಸ್ಟ್ ಕೆಲಸ ಖಾಯಂ ಎಂದು ಕೆರೆ ಪಕ್ಕದ ಹೊಸ ಹೋಟೆಲಿನವರು ಮಾತು ಕೊಟ್ಟಿದ್ದರು. ಉಳಿದದ್ದು ಒಂದೇ ಪ್ರಾಕ್ಟಿಕಲ್ ಪರೀಕ್ಷೆ, ಅದಕ್ಕೆ ಒಂದೇ ವಾರ.

ಸುಕ್ಕಿಲ್ಲದಂತೆ ಹಾಸಿಗೆ ಹಾಸುವುದು, ನ್ಯಾಪ್‌ಕಿನ್ನಿನಲ್ಲಿ ಹಂಸ ಮಾಡುವುದು ಎಲ್ಲ ಸಲೀಸಾಗಿತ್ತು. ತೊಡಕಿದ್ದದ್ದು ನಾಲಿಗೆಯಲ್ಲಿ.

"ಅಮ್ಮಾ, ಅತಿಥಿ ಏನೇ ಕೇಳಲಿ, 'ಖಂಡಿತ ಇದೆ ಸರ್' ಅನ್ನಿ," ಎಂದು ನಮ್ಮ ಮೇಷ್ಟ್ರು ಕೈ ಮುಗಿದಿದ್ದರು. "ನೀವು 'ಇಲ್ಲ' ಅನ್ನೋ ರೀತಿ ಕೇಳಿದ್ರೆ ನನಗೇ ಗಂಟುಮೂಟೆ ಕಟ್ಟೋಣ ಅನ್ಸುತ್ತೆ!"

ಸರಿ, ಮನೆಯೇ ಹೋಟೆಲಾಯಿತು, ಯಜಮಾನರೇ ಅತಿಥಿ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಬಡಪಾಯಿಗೆ ಜನ್ಮದಲ್ಲಿ ಇಂಥ ಅವಕಾಶ ಸಿಕ್ಕಿರಲಿಲ್ಲ.

"ಮೂರನೇ ಕಾಫಿ ಇದ್ಯಾ?"

"ಖಂಡಿತ ಇದೆ ಸರ್!"

"ಭಾನುವಾರ ಇಡೀ ದಿನ ನಾನು ಸ್ನೇಹಿತರ ಜೊತೆ ಮೀನು ಹಿಡಿಯೋಕೆ ಹೋಗ್ತೀನಿ. ನಿನ್ನ ಒಪ್ಪಿಗೆ ಇದ್ಯಾ?"

"ಖಂಡಿತ..." ಹಲ್ಲು ಕಚ್ಚಿದೆ. "ಇದೆ ಸರ್!"

ಮೂರನೇ ದಿನ ಅವರ ಅಕ್ಕನ ಫೋನು ಬಂತು. ಈ ಅಕ್ಕ ನಿವೃತ್ತ ಹಾಸ್ಟೆಲ್ ವಾರ್ಡನ್. ಇವರು ಕೆಮ್ಮಿದರೆ ನಮ್ಮ ಯಜಮಾನರು ಇಂದಿಗೂ ಎದ್ದು ನಿಲ್ಲುತ್ತಾರೆ.

"ಎರಡು ದಿನದ ಮಟ್ಟಿಗೆ ಬರೋಣ ಅಂತಿದೀನಿ ಕಣೇ. ನಿನಗೇನೂ ತೊಂದರೆ ಇಲ್ಲ ತಾನೇ?"

ಓದುಗರೇ, ಗಮನಿಸಿ! ಈ ಪ್ರಶ್ನೆಗೆ ಕನ್ನಡದಲ್ಲಿ ಇರುವುದು ಒಂದೇ ಮರ್ಯಾದಸ್ಥ ಉತ್ತರ. ಅದು ಗಂಟಲವರೆಗೆ ಬಂತು, ನುಂಗಿಕೊಂಡೆ. ಮೂರು ದಿನದ ತಪಸ್ಸು ನಾಲಿಗೆಯನ್ನು ತಿರುಗಿಸಿತು.

"ಖಂಡಿತ ಇದೆ ಅಕ್ಕಾ!"

ಆ ಕಡೆ ಫೋನು ಕುಕ್ಕಿದ ಸದ್ದು ಕೇಳಿಸಿತು.

"ನಮ್ಮಕ್ಕಂಗೆ ಏನಂದೆ?"

"ಇದೆ ಅಂದೆ."

"ಏನಿದೆ?"

"ತೊಂದರೆ."

ಯಜಮಾನರು ಕುರ್ಚಿಯಲ್ಲಿ ಕುಸಿದರು.

ಸಂಜೆಯೊಳಗೆ ಅಕ್ಕ ಎರಡು ಟ್ರಂಕಿನ ಸಮೇತ ಬಾಗಿಲಲ್ಲಿ ಪ್ರತ್ಯಕ್ಷ! "ಅದೇನು ತೊಂದರೆ ಅಂತ ಕಣ್ಣಾರೆ ನೋಡಿಕೊಂಡೇ ಹೋಗ್ತೀನಿ!"

ತಪ್ಪಾಯಿತೆಂದು ಕಿವಿ ಹಿಡಿದು ಎಲ್ಲ ಹೇಳಿದೆ. ಅಕ್ಕ ಬಿದ್ದು ಬಿದ್ದು ನಕ್ಕರು. ಆಮೇಲೆ ಸೆರಗು ಬಿಗಿದು, "ಇನ್ನು ಮೇಲೆ ಅತಿಥಿ ನಾನು," ಎಂದರು. ಇನ್ನೊಂದು ದಿಂಬು ಇದೆಯಾ? ಖಂಡಿತ ಇದೆ! ಟೇಬಲ್ ಫ್ಯಾನ್ ಇದೆಯಾ? ಖಂಡಿತ ಇದೆ! ಇದೆ ಇದೆ ಎನ್ನುತ್ತಲೇ ನನ್ನ ಬಳಿ ಇದ್ದದ್ದೆಲ್ಲ ಅವರ ಕೋಣೆ ಸೇರಿತು. ನಾನು ಅಡುಗೆಮನೆಯ ನೆಲದಲ್ಲಿ ಚಾಪೆ ಹಾಸಿಕೊಂಡು ಓದಿದೆ. ಆದರೆ ನಾಲಿಗೆ ಮಾತ್ರ ಪಳಗಿತ್ತು, ಆ ಹೆಮ್ಮೆ ನನಗಿತ್ತು.

ಪರೀಕ್ಷೆಯ ದಿನ. ಪರೀಕ್ಷಕರು ಸೂಟ್‌ಕೇಸ್ ಹಿಡಿದು ಅತಿಥಿಯ ವೇಷದಲ್ಲಿ ಬಂದರು.

"ಕೆರೆ ಕಾಣೋ ರೂಮ್ ಇದ್ಯಾ?"

"ಖಂಡಿತ ಇದೆ ಸರ್!"

"ಬೆಳಗ್ಗೆ ಐದಕ್ಕೆ ಬಿಸಿನೀರು?"

"ಖಂಡಿತ ಇದೆ ಸರ್!"

ಮೂಲೆಯಲ್ಲಿ ಮೇಷ್ಟ್ರ ಕಣ್ಣಲ್ಲಿ ಆನಂದಬಾಷ್ಪ. ಕೆಲಸ ಕೈಗೆ ಬಂದೇಬಿಟ್ಟಿತು ಎಂದುಕೊಂಡೆ. ಪರೀಕ್ಷಕರು ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದರು.

"ಹಾಸಿಗೇಲಿ ತಿಗಣೆ ಇದ್ಯಾ?"

"ಖಂಡಿತ ಇದೆ ಸರ್! ಎಷ್ಟು ಕಳಿಸಲಿ?"

ಪರೀಕ್ಷಕರು ಸೂಟ್‌ಕೇಸ್ ಎತ್ತಿಕೊಂಡು ಹೊರಟೇ ಹೋದರು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು.

ಮನೆ ಬಾಗಿಲಲ್ಲಿ ಅಕ್ಕ, ತಮ್ಮ ಇಬ್ಬರೂ ಕಾಯುತ್ತಿದ್ದರು. ನನ್ನ ಮುಖ ನೋಡಿ ಯಜಮಾನರು ಮೆಲ್ಲಗೆ, "ಹೋಯ್ತಾ?" ಎಂದರು.

"ಖಂಡಿತ ಹೋಯ್ತು ಸರ್," ಎಂದವಳೇ ಅತ್ತುಬಿಟ್ಟೆ. ನಿಜವಾಗಿಯೂ ದುಃಖವಾಗಿತ್ತು. ಆ ಕೆಲಸ ನನಗೆ ಅಷ್ಟು ಬೇಕಾಗಿತ್ತು. ಮೂರು ವಾರಕ್ಕೆ ಮರುಪರೀಕ್ಷೆ, ಅಲ್ಲಿಯವರೆಗೆ ಹೋಟೆಲಿನವರು ಕಾಯುತ್ತಾರೆ ಎಂದು ಬಿಕ್ಕುತ್ತಲೇ ಹೇಳಿದೆ.

ಅಕ್ಕ ಬೆನ್ನು ಸವರಿದರು. "ಅಷ್ಟೇ ತಾನೇ? ಅಳ್ಬೇಡ ಕಣೇ. ಅಲ್ಲೀತನಕ ನಾನಿಲ್ಲೇ ಇದ್ದು, ಎಲ್ಲಿ 'ಇದೆ' ಅನ್ಬೇಕು, ಎಲ್ಲಿ 'ಇಲ್ಲ' ಅನ್ಬೇಕು ಅಂತ ಕಲಿಸ್ತೀನಿ. ಈಗಲೇ ಶುರು. ಮೂರು ವಾರ ನಾನಿಲ್ಲಿದ್ರೆ ನಿನಗೇನೂ ತೊಂದರೆ ಇಲ್ಲ ತಾನೇ?"

ಅವರ ಬೆನ್ನ ಹಿಂದೆ ಯಜಮಾನರು ಎರಡೂ ಕೈ ಜೋಡಿಸಿ ನಿಂತಿದ್ದರು. ವಾರದ ನಂತರ ಮೊದಲ ಸಲ ಆ ಪದ ನನ್ನ ಬಾಯಿಂದ ಬಂತು.

"ಇಲ್ಲ ಅಕ್ಕಾ."

"ಭೇಷ್! ಹತ್ತಕ್ಕೆ ಹತ್ತು!" ಎಂದ ಅಕ್ಕ, ಅಲ್ಲಿಯವರೆಗೆ ಮುಟ್ಟದೇ ಇಟ್ಟಿದ್ದ ಎರಡನೇ ಟ್ರಂಕಿನ ಬೀಗ ತೆಗೆದರು.