ಸಂಡಿಗೆಯ ಸ್ವಾಧೀನದಲ್ಲಿದ್ದ ಬಿಸಿಲು

ಕಾಮಸಮುದ್ರದ ಸುತ್ತಮುತ್ತ ಸೂರ್ಯ ಮೊದಲು ಹುಟ್ಟುವುದು ಮುತ್ಯಾಲಮ್ಮನ ತಾರಸಿಯ ಮೇಲೆ, ಮಿಕ್ಕ ಮನೆಗಳಿಗೆ ಹೋಗುವುದು ಆಮೇಲೆ. ಇದಕ್ಕೆ ಇದುವರೆಗೆ ಯಾರೂ ತಕರಾರು ಸಲ್ಲಿಸಿಲ್ಲ.

ಈ ವರ್ಷ ಆ ಬಿಸಿಲಿಗೆ ಕೈತುಂಬ ಕೆಲಸವಿತ್ತು. ಮೊಮ್ಮಗಳು ನವ್ಯಳ ಮದುವೆ ಗೊತ್ತಾಗಿತ್ತು. ಮದುವೆ ಊಟಕ್ಕೆ ಹೆಣ್ಣಿನ ಮನೆ ತಾರಸಿಯ ಸಂಡಿಗೆಯೇ ಆಗಬೇಕು. ಅಂಗಡಿಯದು ಎಲೆಗೆ ಬಿತ್ತೋ, ಬೀಗರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅದಕ್ಕೇ ಶಿವರಾತ್ರಿ ಕಳೆದದ್ದೇ ತಡ, ಮುತ್ಯಾಲಮ್ಮ ಹಳೇ ಪಂಚೆ ಹಾಸಿ, ಕಾಗೆ ಬೆದರಲೆಂದು ಕರೀ ಕೊಡೆ ಬಿಚ್ಚಿಟ್ಟು, ಸಂಡಿಗೆ ಒತ್ತಲು ಕೂತಿದ್ದಳು.

ಕೆಜಿಎಫ್‌ನ ಕಾರ್ಖಾನೆಗೆ ಹೋಗಿಬರುವ ಮಗ ಗಿರಿಗೆ ಚಿಂತೆ ಬೇರೆ. ಬೀಗರ ಮುಂದೆ ಕರೆಂಟು ಹೋಗಿಬಿಟ್ಟರೆ ಮರ್ಯಾದೆ ಏನಾಗಬೇಕು? ರಾಬರ್ಟ್‌ಸನ್‌ಪೇಟೆಯಲ್ಲಿ ಯಾರೋ ಹೇಳಿದ್ದು ಕೇಳಿಕೊಂಡು ಬಂದು, ತಾರಸಿ ತುಂಬ ಸೋಲಾರ್ ಹಲಗೆ ಹಾಕಿಸೋಣ, ಬಿಸಿಲು ಸುಮ್ಮನೆ ಹಾಳಾಗ್ತಿದೆ ಅಂದ.

"ಆಳಾಗಕ್ಕೆ ಅದೇನು ಖಾಲಿ ಕೂತೈತೇನ್ಲಾ?" ಅಂದಳು ಮುತ್ಯಾಲಮ್ಮ. "ಮದುವೆ ಮುಗೀಲಿ. ಆಮ್ಯಾಕೆ ಹಲಗೆನಾದ್ರೂ ಆಕ್ಕೋ, ಮಂಚನಾದ್ರೂ ಆಕ್ಕೋ."

ಗಿರಿ ಕಾಯಲಿಲ್ಲ. ಬಂಗಾರಪೇಟೆಯ ಬಿಸಿಲು ಸದ್ಬಳಕೆ ಕಚೇರಿಗೆ ಅರ್ಜಿ ಹಾಕಿದ. ಅಲ್ಲಿಂದ ಪರಿಶೀಲನಾಧಿಕಾರಿ ಕೋದಂಡಪ್ಪನವರು ಬಂದು ತಾರಸಿ ಹತ್ತಿದರು. ಬಿಸಿಲನ್ನು ಹಿಂದಿನಿಂದಲೂ ಮುಂದಿನಿಂದಲೂ ನೋಡಿ ಮಹಜರು ಬರೆದರು: "ಸದರಿ ಬಿಸಿಲು ಸುಸ್ಥಿತಿಯಲ್ಲಿದೆ. ಆದರೆ ಅದು ಸಂಡಿಗೆಯ ಸ್ವಾಧೀನಾನುಭವದಲ್ಲಿದ್ದು, ಸ್ವಾಧೀನದಲ್ಲಿರುವವರನ್ನು ಒಕ್ಕಲೆಬ್ಬಿಸಲು ನಿಯಮದಲ್ಲಿ ಅವಕಾಶವಿರುವುದಿಲ್ಲ."

ಆ ಸ್ವಾಧೀನದಲ್ಲಿರುವವರು ಎಂಥವರೆಂದು ತಿಳಿಯದೆ ಕಡತ ಮುಂದೆ ಹೋಗುವಂತಿರಲಿಲ್ಲ. ಸೊಸೆ ಸುಕನ್ಯ ಒಂದು ಬಾಣಲೆ ಕರಿದು ತಂದಳು. ಅಧಿಕಾರಿಗಳು ವಿಚಾರಣೆ ನಡೆಸಿ, ಇನ್ನೊಂದು ಬಾಣಲೆಯಷ್ಟು ವಿಚಾರಣೆ ಬಾಕಿಯಿದೆ ಎಂದರು. ಮೇಲಧಿಕಾರಿಗಳ ಅವಗಾಹನೆಗೆ ಒಂದು ಡಬ್ಬಿ ಹೋಯಿತು. ಮೇಲಧಿಕಾರಿಗಳ ಮನೆಯವರ ಅವಗಾಹನೆಗೆ ಮತ್ತೊಂದು. ಹೀಗೇ ವಾರವಾರವೂ ಅವಗಾಹನೆ ನಡೆದು, ಮದುವೆಗೆಂದು ಇಟ್ಟ ಡಬ್ಬ ತಳ ಕಂಡಾಗ ಮುತ್ಯಾಲಮ್ಮ ಅದನ್ನು ಹಿಡಿದುಕೊಂಡೇ ಅಧಿಕಾರಿಗಳ ಮುಂದೆ ಬಂದು ನಿಂತಳು.

"ಸ್ವಾಮಿ, ಇಂಗೆ ಇಚಾರಣೆ ಮಾಡ್ತಾ ಓದ್ರೆ ಬೀಗರ ಎಲೆಗೆ ಏನಿಕ್ಕಲಿ? ಏನಾದ್ರೂ ಒಂದು ತೀರ್ಮಾನ ಮಾಡ್ಬುಡಿ."

ಕೋದಂಡಪ್ಪನವರು ಬಾಯಲ್ಲಿದ್ದದ್ದನ್ನು ನುಂಗಿ ತೀರ್ಮಾನ ಹೇಳಿದರು. ಹಲಗೆಯನ್ನು ಹಾಕತಕ್ಕದ್ದು. ಸಂಡಿಗೆಯನ್ನು ಎಬ್ಬಿಸತಕ್ಕದ್ದಲ್ಲ. ಸಂಡಿಗೆಯು ಹಲಗೆಯ ಮೇಲೆಯೇ ಒಣಗತಕ್ಕದ್ದು.

ಹಲಗೆಗಳು ಬಂದವು. ಕೆಲಸದವರು ಓರೆಯಾಗಿ ನಿಲ್ಲಿಸಹೋದಾಗ ಅಧಿಕಾರಿಗಳೇ ತಡೆದರು, ಇಳಿಜಾರು ಹಿಟ್ಟಿಗೆ ಆಗಿಬರುವುದಿಲ್ಲವಂತೆ. ಚಾಪೆ ಹಾಸಿದ ಹಾಗೆ ಮಟ್ಟಸವಾಗಿ ಮಲಗಿಸಿದರು. ಮುತ್ಯಾಲಮ್ಮ ಅಂಗೈ ಇಟ್ಟು ನೋಡಿದಳು, ಒಳ್ಳೇ ಕಾದ ಹೆಂಚು. ಪಂಚೆ ಹಾಸಿ ಒತ್ತಿದಳು. ದಿನಗಟ್ಟಲೆ ಹಿಡಿಯುತ್ತಿದ್ದ ಸಂಡಿಗೆ ಆವತ್ತು ಸಂಜೆಗೇ ಗಲಗಲ ಅಂದಿತು.

ಕರೆಂಟು ಮಾತ್ರ ಬರಲಿಲ್ಲ. ಗಿರಿ ದೂರು ಕೊಟ್ಟ. ಕೋದಂಡಪ್ಪನವರು ಮತ್ತೆ ಬಂದು, ಒಂದನ್ನು ಕಡಿದು ನೋಡಿ, ಗರಿಗರಿಯಾಗಿರುವುದರಿಂದ ಉಪಕರಣದಲ್ಲಿ ಯಾವ ದೋಷವೂ ಇಲ್ಲವೆಂದು ಪ್ರಮಾಣೀಕರಿಸಿದರು.

ಮದುವೆ ದಿನ ಬೀಗರು ಎಲೆ ಮುಂದೆ ಕೂತ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಚಪ್ಪರದ ಫ್ಯಾನುಗಳು ನಿಂತವು. ಗಿರಿ ಕಂಬದ ಮರೆಗೆ ಸರಿದ. ಗಂಡಿನ ತಂದೆ ಹನುಮಪ್ಪನವರು ಬೆವರು ಒರೆಸಿಕೊಳ್ಳುತ್ತ ಸಂಡಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, "ಸೋಲಾರ್ ಅಂದ್ರೆ ಇಂಗಿರ್ಬೇಕು ನೋಡಪ್ಪ" ಅಂದರು. ಪಕ್ಕದ ಎಲೆಯಲ್ಲಿದ್ದ ಕೋದಂಡಪ್ಪನವರು ವಿನಯದಿಂದ ತಲೆ ತಗ್ಗಿಸಿದರು.

ಅಲ್ಲಿಂದಾಚೆಗೆ ಬೇತಮಂಗಲದವರೆಗೂ ಹೆಂಗಸರು ಹಲಗೆ ಬೇಕೆಂದು ಹಟ ಹಿಡಿದರು. ಒಂದು ಹಲಗೆಗೆ ಎಷ್ಟು ಸೇರು ಅಕ್ಕಿಯ ಸಂಡಿಗೆ ಹಿಡಿಸುತ್ತದೆ ಎಂಬುದೊಂದೇ ಅವರ ಪ್ರಶ್ನೆ. ಗಂಡಸರಿಗೂ ಬೇಜಾರಾಗಬಾರದೆಂದು ಕಚೇರಿಯು ಪ್ರಕಟಣೆ ಹೊರಡಿಸಿತು: "ಸಂಡಿಗೆ ಎತ್ತಿದ ತರುವಾಯ ಉಳಿಯುವ ಬಿಸಿಲಿನಲ್ಲಿ ಸಾರ್ವಜನಿಕರು ವಿದ್ಯುತ್ ಉತ್ಪಾದಿಸಿಕೊಳ್ಳಬಹುದಾಗಿದೆ."

ಈಗ ದಿನಾ ಹೊತ್ತು ಮುಳುಗಿದ ಮೇಲೆ ಮುತ್ಯಾಲಮ್ಮ ಪಂಚೆ ಮಡಚಿಕೊಂಡು ಕೆಳಗಿಳಿದು, "ನಂದಾಯ್ತು ಗಿರಿ. ಉಳಿದಿದ್ದೆಲ್ಲ ನಿಂದೇ ಕಣ್ಲಾ, ಓಗಿ ತಕೋ" ಅನ್ನುತ್ತಾಳೆ. ಗಿರಿ ಮೇಲೆ ಹೋಗುತ್ತಾನೆ. ಅಕ್ಕಪಕ್ಕದ ತಾರಸಿಗಳಿಗೂ ಆಯಾ ಮನೆಯ ಗಂಡಸರು ಹತ್ತಿ ಬಂದಿರುತ್ತಾರೆ. ಇವತ್ತು ನಿಮ್ಮಲ್ಲಿ ಬಿಸಿಲು ಎಷ್ಟು ಉಳಿದಿದೆ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು, ಪರವಾಗಿಲ್ಲವೆಂದು ಒಪ್ಪಿ, ಮೆಟ್ಟಿಲು ಕಾಣದ್ದರಿಂದ ಬ್ಯಾಟರಿ ಬೆಳಕು ಬಿಟ್ಟುಕೊಂಡು ಕೆಳಗಿಳಿಯುತ್ತಾರೆ.