ಜಪಾನಿಗೆ ಹೋದ ಭಟ್ಟಿಯ ಹೊಗೆ

ನಾನು ಗಂಭೀರವಾಗಿ ಏನೇ ಮಾಡಲು ಹೋಗಲಿ, ನಮ್ಮಪ್ಪ ನಡುವೆ ಬಂದು ಅದನ್ನು ನಗುವ ಕತೆ ಮಾಡದೆ ಬಿಟ್ಟದ್ದಿಲ್ಲ. ತೊಂಬತ್ತರ ದಶಕದ ಕೊನೆಗೆ ಜಪಾನಿನಲ್ಲಿ ನಡೆದ ಹವಾಮಾನ ಬದಲಾವಣೆಯ ಸಮ್ಮೇಳನಕ್ಕೆ ಯುವ ಪ್ರತಿನಿಧಿ ಅಂತ ನನ್ನನ್ನು ಆರಿಸಿದಾಗಲೂ ಹಾಗೇ ಆಯಿತು. ನನಗಾಗ ಇಪ್ಪತ್ತೆರಡು ವರ್ಷ, ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅಪ್ಪನದು ಮಂಡಕ್ಕಿ ಹುರಿಯುವ ಭಟ್ಟಿ; ನಮ್ಮ ಓಣಿ ತುಂಬಾ ಅಂಥವೇ.

೧. ಕೆಂಪು ಪೆನ್ನು

ಅಲ್ಲಿ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಭಾಷಣ ತಿದ್ದಿಸಲು ಭಾನುವಾರ ಬಸ್ಸು ಹತ್ತಿ ನನಗೆ ಇಂಗ್ಲಿಷ್ ಕಲಿಸಿದ್ದ ಹರಿಹರದ ನಿವೃತ್ತ ಮೇಷ್ಟ್ರ ಮನೆಗೆ ಹೋದೆ. ಅಮೆರಿಕದ ಕಾರು, ಯುರೋಪಿನ ಕಾರ್ಖಾನೆ, ಯಾರನ್ನೂ ಬಿಡದೆ ಬೈದು ಬರೆದಿದ್ದೆ. ಮೇಷ್ಟ್ರು ಪೂರ್ತಿ ಓದಿ, ನಿಮ್ಮ ಭಟ್ಟಿಗೆ ಏನು ಉರಿಸ್ತೀರಿ ಅಂತ ಕೇಳಿದರು. ಹಳೇ ಟೈರು ಸಾರ್, ಅಂದೆ ದನಿ ತಗ್ಗಿಸಿ.

"ಅದು ಎಲ್ಲೈತಮ್ಮ ಇದ್ರಾಗೆ?"

ಮೇಷ್ಟ್ರು ಕೆಂಪು ಪೆನ್ನು ತೆಗೆದು ಎರಡು ಪುಟ ಹೊಡೆದುಹಾಕಿದರು. ಕೊನೆಗೆ ಉಳಿದದ್ದು "ಎಲ್ಲರಿಗೂ ನಮಸ್ಕಾರ" ಒಂದೇ.

೨. ಅಪ್ಪನ ತಕರಾರು

ಟೈರಿನ ಹೊಗೆ ಬಗ್ಗೆಯೇ ಹೊಸದಾಗಿ ಬರೆದೆ. ಆದರೆ ಅಪ್ಪನನ್ನು ಕೇಳದೆ ಅದನ್ನು ಓದುವುದು ಹೇಗೆ? ನಾನು ಓದಿದ್ದೇ ಆ ಭಟ್ಟಿಯ ಅನ್ನ ತಿಂದು. ಜಗತ್ತಿನ ಮುಂದೆ ಅಪ್ಪನ ಮರ್ಯಾದೆ ಕಳೆದಂತಾದರೆ? ಭಟ್ಟಿಯಲ್ಲೇ ನಿಂತು ಕನ್ನಡದಲ್ಲಿ ಓದಿ ಹೇಳಿದೆ. ಬಿಸಿ ಮರಳಿನಲ್ಲಿ ಮಂಡಕ್ಕಿ ಹುರಿಯುತ್ತಿದ್ದವರೂ ಕೆಲಸ ಬಿಟ್ಟು ಕೇಳಿದರು.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬರೆದಿದ್ದು ಖರೆ ಐತೆ, ಧೈರ್ಯವಾಗಿ ಓದು ಅಂದ. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದ:

"ಆದ್ರೂ ನಮ್ಮ ಮಂಡಕ್ಕಿ ಗರಿಗರಿ ಇರ್ತಾವೆ ಅಂತ ಒಂದು ಮಾತು ಬರೀಬೇಕಿತ್ತವ್ವ."

೩. ತೂಕವಿಲ್ಲದ ಚೀಲ

ಬರಿಗೈಲಿ ಕಳಿಸುವ ಜಾಯಮಾನ ನಮ್ಮೂರಿನದಲ್ಲ. ಅಪ್ಪ ಒಂದು ಚೀಲ ಮಂಡಕ್ಕಿ ಹೊರಿಸಿದ. ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ಅದಕ್ಕೆ ತೂಕವೇ ಇಲ್ಲ. ಆದರೆ ತಪಾಸಣೆ ಯಂತ್ರದ ಬಾಯೊಳಗೆ ಹೋಗಲೊಲ್ಲದು. ಅಧಿಕಾರಿಯೊಬ್ಬರು ಎರಡು ಹಿಡಿ ತಿಂದು ನೋಡಿ, ಆಮೇಲೆ ತಾವೇ ನಿಂತು ಅದನ್ನು ಮೂರು ಸಣ್ಣ ಗಂಟಾಗಿ ಕಟ್ಟಿಸಿಕೊಟ್ಟರು.

ಜಪಾನಿನಲ್ಲಿ ಈರುಳ್ಳಿ, ಎಣ್ಣೆ, ಖಾರದಪುಡಿ ಕಲಸಿ ಹತ್ತು ದೇಶದವರಿಗೆ ತಿನ್ನಿಸಿದೆ. ಇದನ್ನು ಹೇಗೆ ಮಾಡುತ್ತಾರೆ ಅಂತ ಒಬ್ಬ ಹುಡುಗ ಕೇಳಿದ. ನಾಳೆ ಭಾಷಣದಲ್ಲಿ ಹೇಳುತ್ತೇನೆ ಅಂದೆ. ಪಾಪ, ಇನ್ನೊಂದು ತಟ್ಟೆ ಹಾಕಿಸಿಕೊಂಡ.

೪. ಮೂರೂವರೆ ತಾಸು

ಮರುದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಸರದಿ. "ನಾನಿಲ್ಲಿ ನಿಂತಿರುವ ಈ ಗಳಿಗೆಯಲ್ಲೂ ನಮ್ಮಪ್ಪನ ಭಟ್ಟಿಯಲ್ಲಿ ಟೈರು ಉರಿಯುತ್ತಿದೆ" ಅಂದೆ. ಸಭೆ ತುಂಬಾ ಜೋರು ಚಪ್ಪಾಳೆ.

ಊರಿಗೆ ಬಂದ ಮೇಲೆ ಸಂಗತಿ ತಿಳಿಯಿತು. ಅಪ್ಪ ಓಣಿಯ ಭಟ್ಟಿ ಭಟ್ಟಿಗೂ ಹೋಗಿ, ನಮ್ಮ ಹುಡುಗಿ ಅಲ್ಲಿ ಹೊಗೆ ಬಗ್ಗೆ ಮಾತಾಡೋ ಹೊತ್ತಿನಾಗ ಇಲ್ಲಿ ಹೊಗೆ ಏಳಬಾರದು ಅಂತ ಕೇಳಿಕೊಂಡಿದ್ದನಂತೆ. ವ್ಯಾಪಾರ ಜೋರಿರುವ ದಿನವಾದರೂ ಒಬ್ಬರೂ ಇಲ್ಲ ಅನ್ನದೆ ಬೆಂಕಿ ಆರಿಸಿದ್ದರು. ಎಂಥಾ ಜನ ನಮ್ಮವರು! ಹೆಮ್ಮೆಯಿಂದ ಉಬ್ಬಿಹೋದೆ. ಮರುಕ್ಷಣ ಇನ್ನೊಂದು ಹೊಳೆಯಿತು. ಹಾಗಾದರೆ ಜಗತ್ತಿನ ಮುಂದೆ ನಾನು ಹೇಳಿದ್ದು ಸುಳ್ಳೇ? ಅಪ್ಪನ ಮುಂದೆ ಅತ್ತೇಬಿಟ್ಟೆ.

ಅಳು ನಿಂತ ಮೇಲೆ ಎಷ್ಟೊತ್ತಿಗೆ ಆರಿಸಿದಿರಿ ಅಂತ ಕೇಳಿದೆ. ಮಧ್ಯಾಹ್ನ ಒಂದೂವರೆಗೆ, ಅಂದ ಅಪ್ಪ. ಹತ್ತು ಗಂಟೆಗೆ ಭಾಷಣ, ಇಲ್ಲಿಗೂ ಅಲ್ಲಿಗೂ ಮೂರೂವರೆ ತಾಸಿನ ಫರಕು ಅಂತ ಹಿಂದಿನ ದಿನ ಫೋನಿನಲ್ಲಿ ನಾನೇ ಹೇಳಿದ್ದೆ. ಅಪ್ಪ ಕೂಡಿಸಿಬಿಟ್ಟಿದ್ದ. ಕಳೆಯಬೇಕಿತ್ತು. ನಾನು ಮಾತಾಡಿದಾಗ ಇಲ್ಲಿ ಬೆಳಿಗ್ಗೆ ಆರೂವರೆ.

ಆರೂವರೆಗೆ ಭಟ್ಟಿ ಉರಿಯುತ್ತಿತ್ತಾ ಅಂತ ಕೇಳಿದೆ. ಅಪ್ಪನ ಮುಖ ಅರಳಿತು. ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ:

"ನೀ ಸುಳ್ಳು ಹೇಳಿಲ್ಲ ಬಿಡವ್ವ. ಮಧ್ಯಾಹ್ನ ಆರಸಬೇಕಲ್ಲ ಅಂತ ಅವತ್ತು ಬೆಳಿಗ್ಗೆ ಓಣಿ ತುಂಬಾ ಎರಡೆರಡು ಟೈರು ಜಾಸ್ತೀನೇ ಹಾಕಿದ್ವಿ."